ಸೀಮೆಸುಣ್ಣದ ಸೊನ್ನೆ

ಎಣ್ಣೆಯಣ್ಣ ಎಂಬ ಹೆಸರು ಕೇಳಿದ ಹೊಸಬರು ಅವನನ್ನು ಕುಡುಕನೆಂದೇ ತಿಳಿಯುತ್ತಿದ್ದರು. ಆತ ಹೆಂಡದ ವಾಸನೆಯನ್ನೂ ಕಂಡವನಲ್ಲ. ಹತ್ತೊಂಬತ್ತನೇ ವಯಸ್ಸಿಗೆ ನೂಲಿನ ಮಿಲ್ಲು ಸೇರಿ ಮೂವತ್ತೆಂಟು ವರ್ಷ ಯಂತ್ರಗಳಿಗೆ ಎಣ್ಣೆ ಬಿಟ್ಟವನು. ಅಷ್ಟೇ ಅವನ ಕೆಲಸ, ಅಷ್ಟೇ ಹೆಸರಿನ ಕಥೆ. ಮಿಲ್ಲಿನ ಗದ್ದಲಕ್ಕೆ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಜನರ ಮಾತನ್ನು ತುಟಿ ನೋಡಿ, ಯಂತ್ರದ ಕಷ್ಟಸುಖವನ್ನು ಅಂಗೈ ಇಟ್ಟು ತಿಳಿದುಕೊಳ್ಳುತ್ತಿದ್ದ. ನಿವೃತ್ತಿಯ ದಿನ ಮೇಸ್ತ್ರಿ ನೆನಪಿಗೆ ಏನು ಬೇಕೆಂದು ಕೇಳಿದಾಗ, ಉದ್ದ ಮೂತಿಯ ತನ್ನ ಹಳೆಯ ಎಣ್ಣೆ ಡಬ್ಬಿಯನ್ನೇ ಕೇಳಿ ಪಡೆದು ಮನೆಗೆ ಬಂದ.

ಡಬ್ಬಿಯ ಜೊತೆ ಒಂದು ಅಭ್ಯಾಸವೂ ಬಂತು. ಎಣ್ಣೆ ಬಿಟ್ಟ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಒಂದು ಸೊನ್ನೆ, ನಡುವೆ ಚುಕ್ಕೆ, ಕೆಳಗೆ ತಾರೀಕು. ಅದಕ್ಕೆ ಕಾರಣವಿತ್ತು. ಮಿಲ್ಲು ಸೇರಿದ ಎರಡನೇ ವರ್ಷ ಒಂದು ಬೇರಿಂಗು ಎಣ್ಣೆಯಿಲ್ಲದೆ ಸುಟ್ಟುಹೋಗಿತ್ತು. ಆ ಸಾಲನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು, ಇವನು ಮತ್ತು ಒಬ್ಬ ಉಬ್ಬುಹಲ್ಲಿನವನು. ಅಂದು ಮರೆತವರು ಯಾರೆಂದು ಇಬ್ಬರಿಗೂ ಖಾತ್ರಿಯಿರಲಿಲ್ಲ. ಮೇಸ್ತ್ರಿ ಉಬ್ಬುಹಲ್ಲಿನವನನ್ನು ಕೆಲಸದಿಂದ ತೆಗೆದ. ಇವನು ತುಟಿಪಿಟಕ್ಕೆನ್ನಲಿಲ್ಲ. ಮರೆತವನು ತಾನೇ ಇರಬಹುದೆಂಬ ಮುಳ್ಳು ಅಂದಿನಿಂದ ಒಳಗೇ ಮುರಿದು ಕೂತಿತ್ತು. ಮಾರನೇ ದಿನದಿಂದ ಜೇಬಿನಲ್ಲಿ ಸೀಮೆಸುಣ್ಣ.

ಮನೆಯಲ್ಲಿ ಈ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಸೊಸೆಯ ಬಿಳಿ ಬಟ್ಟೆ ಹಾಳುಮಾಡಿದ. ಫ್ಯಾನಿಗೆ ಬಿಟ್ಟ ಎಣ್ಣೆ ಊಟದ ಹೊತ್ತಿಗೆ ಮಗನ ತಟ್ಟೆಗೇ ಗುರಿಯಿಟ್ಟು ತೊಟ್ಟಿಕ್ಕಿತು. ಮಗನಿಗೆ ಔಷಧದ ಅಂಗಡಿ; ಅವನಿಗೆ ಎಲ್ಲವೂ ಅಳತೆಯಲ್ಲಿರಬೇಕು. ಮೊದಲೇ ಅಪ್ಪ ಮಗನದು ಎಣ್ಣೆ ಸೀಗೆಕಾಯಿ ಸಂಬಂಧ. ಇನ್ನೊಂದು ಸಲ ಹೀಗಾದರೆ ಡಬ್ಬಿ ಗುಜರಿಗೆ ಹೋಗುತ್ತದೆ ಎಂದು ಮಗ ಹೇಳಿಬಿಟ್ಟ. ಆಡಿದ್ದನ್ನು ಮಾಡುವವನೇ ಅವನು.

ಸೊಸೆ ಶಾಲೆ ಮಕ್ಕಳ ವ್ಯಾನು ಓಡಿಸುತ್ತಾಳೆ. ವ್ಯಾನು ನಿಲ್ಲಿಸುವ ಗ್ಯಾರೇಜಿಗೆ ಮೊದಲು ತುಕ್ಕು ಹಿಡಿದ ಜೋಡಿ ತಗಡಿನ ಬಾಗಿಲಿತ್ತು. ಒಂದನ್ನು ತೆರೆದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಈಗ ಅದನ್ನು ಕಿತ್ತು, ಮೇಲಕ್ಕೆ ಸರಿಯುವ ಹೊಸ ಬಾಗಿಲು ಹಾಕಿಸಿದ್ದರು. ಗುಂಡಿ ಒತ್ತಿದರೆ ನಾಲ್ಕು ಹಲಗೆಗಳು ಎರಡೂ ಪಕ್ಕದ ಹಳಿಗಳಲ್ಲಿ ಉರುಳಿಕೊಂಡು ಹೋಗಿ ಚಾವಣಿಯಡಿ ಮಲಗುತ್ತಿದ್ದವು. ಫಿಟ್ಟರ್ ಹೊರಡುವ ಮುಂಚೆ ಅದರ ಆರೈಕೆ ಹೇಳಿಕೊಟ್ಟ. ಸ್ಪ್ರಿಂಗಿಗೆ, ಕೀಲುಗಳಿಗೆ ತಿಂಗಳಿಗೊಮ್ಮೆ ತೊಟ್ಟು ಎಣ್ಣೆ. ನಟ್ಟು ಬೋಲ್ಟು ಸಡಿಲವಾಗಿದ್ದರೆ ಬಿಗಿ ಮಾಡಬೇಕು. ಹಳಿಗೆ ಮಾತ್ರ ಎಣ್ಣೆ ಸೋಕಬಾರದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಣ್ಣೆಯಣ್ಣ ಅವನ ತುಟಿಯನ್ನು ಸರಿಯಾಗಿಯೇ ಓದಿದ್ದ. ಆದರೆ ಗಾಲಿ ಉರುಳುವ ಜಾಗಕ್ಕೇ ಎಣ್ಣೆ ಬೇಡವೆನ್ನುವ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಿನ್ನೆ ಮೊನ್ನೆ ಸ್ಪ್ಯಾನರು ಹಿಡಿದವನು ತನಗೆ ಪಾಠ ಹೇಳುವುದೇ ಎಂದುಕೊಂಡ. ಮಗ ಅಂಗಡಿಗೆ, ಸೊಸೆ ಮಕ್ಕಳನ್ನು ಕರೆತರಲು ಹೋದ ಮೇಲೆ ಕೆಲಸ ಶುರುಮಾಡಿದ. ಸ್ಪ್ರಿಂಗಿಗೆ, ಕೀಲಿಗೆ ಹೇಳಿದಷ್ಟೇ. ಹಳಿಗೆ ಮಾತ್ರ ಪ್ರತಿ ಸೋಮವಾರ ಧಾರಾಳವಾಗಿ. ಸೊನ್ನೆಗಳನ್ನು ಗೋಡೆಯಲ್ಲಿ, ಗೋಣಿಚೀಲದ ಮರೆಯಲ್ಲಿ ಹಾಕಿದ. ಗುರುತು ಹಾಕದೆ ಇರಲಾರ, ಕಾಣುವಂತೆ ಹಾಕುವ ಧೈರ್ಯವಿಲ್ಲ.

ಆರು ವಾರ ಬಾಗಿಲು ಬೆಣ್ಣೆಯ ಹಾಗೆ ಸರಿಯಿತು. ಆ ದಿನಗಳಲ್ಲೇ ನೀರಿನ ಪೈಪಿಗೆಂದು ಮನೆಯ ಮುಂದಿನ ರಸ್ತೆ ಅಗೆದಿದ್ದರು. ಏಳುತ್ತಿದ್ದ ಧೂಳೆಲ್ಲ ಗ್ಯಾರೇಜಿಗೇ ನುಗ್ಗುತ್ತಿತ್ತು. ಏಳನೇ ಸೋಮವಾರ ಬೆಳಗ್ಗೆ ಬಾಗಿಲು ಮೊಣಕಾಲೆತ್ತರಕ್ಕೆ ಬಂದು, ಒಮ್ಮೆ ನಡುಗಿ, ನಿಂತುಬಿಟ್ಟಿತು. ವ್ಯಾನು ಒಳಗೆ, ಹನ್ನೊಂದು ಮಕ್ಕಳು ಹನ್ನೊಂದು ಗೇಟುಗಳ ಮುಂದೆ. ಸೊಸೆಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು.

ಅರ್ಧ ಗಂಟೆಯಲ್ಲಿ ಫಿಟ್ಟರ್ ಬಂದ. ಹಳಿಯೊಳಗೆ ಬೆರಳಾಡಿಸಿ, ಅಂಟಿದ ಕಪ್ಪು ರಾಡಿಯನ್ನು ಎಲ್ಲರಿಗೂ ತೋರಿಸಿದ. ಎಣ್ಣೆಗೆ ಧೂಳು ಮೆತ್ತಿ ಗಾಲಿಗಳು ಸಿಕ್ಕಿಹಾಕಿಕೊಂಡಿವೆ ಎಂದ. ಬೇಡವೆಂದರೂ ಎಣ್ಣೆ ಬಿಟ್ಟವರು ಯಾರೆಂದು ಕೇಳಿದ. ಮಗ ಆಗಲೇ ಅಪ್ಪನ ಕಡೆ ತಿರುಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಣ್ಣೆಯಣ್ಣನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು.

ಅಷ್ಟರಲ್ಲಿ ಸೊಸೆಯ ತುಟಿ ಅಲುಗಿತು. "ನಾನೇ ಬಿಟ್ಟೆ. ಸದ್ದು ಬರುತ್ತೆ ಅಂತ. ಹಳಿಗೆ ಬಿಡಬಾರದು ಅನ್ನೋದು ಮರೆತುಹೋಗಿತ್ತು."

ಬಿಳಿ ಬಟ್ಟೆ ಹಾಳಾದಾಗಲೂ ಅವಳು ಒಂದು ಮಾತು ಆಡಿರಲಿಲ್ಲ. ಡಬ್ಬಿ ಹೋದರೆ ಮಾವನ ಕೈಗೆ ಇನ್ನೇನೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಗ ಅಪ್ಪನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. ಡಬ್ಬಿ ಉಳಿಯಿತು. ಎಣ್ಣೆಯಣ್ಣನಿಗೆ ಒಂದು ಗಳಿಗೆ ಹಾಯೆನಿಸಿದ್ದು ಸುಳ್ಳಲ್ಲ. ಆಮೇಲೆ ಉಬ್ಬುಹಲ್ಲಿನವನು ಬುತ್ತಿ ಡಬ್ಬಿ ಹಿಡಿದುಕೊಂಡು, ತಿರುಗಿ ನೋಡದೆ ಮಿಲ್ಲಿನ ಗೇಟು ದಾಟಿದ್ದು ಕಣ್ಣಿಗೆ ಬಂತು. ಅವನು ಹೋಗಿ ಗೋಣಿಚೀಲವನ್ನು ಎಳೆದು ಪಕ್ಕಕ್ಕೆ ಹಾಕಿದ. ಗೋಡೆಯ ಮೇಲೆ ಸಾಲಾಗಿ ಆರು ಸೊನ್ನೆ.

"ಅವಳಲ್ಲ," ಎಂದ. "ಇದು ನನ್ನ ಗುರುತು. ಆರು ಸಲ ಬಿಟ್ಟಿದೀನಿ."

ಒಳಗೆ ಹೋಗಿ ಡಬ್ಬಿಯನ್ನು ತಂದು, ಯಾರೂ ಕೇಳುವ ಮುಂಚೆ ಮಗನ ಕೈಗೆ ಕೊಟ್ಟ. ಮಗನಿಗೆ ಅದನ್ನು ಹೇಗೆ ಹಿಡಿಯಬೇಕೆಂದೂ ತಿಳಿಯಲಿಲ್ಲ. ಉದ್ದ ಮೂತಿ ಅವನ ಹೊಟ್ಟೆಗೇ ತಾಗುತ್ತಿತ್ತು.

ಫಿಟ್ಟರ್ ಸೀಮೆಎಣ್ಣೆಯ ಬಟ್ಟೆಯಿಂದ ಹಳಿಗಳನ್ನು ಉಜ್ಜಿ, ಒಣಗಿಸಿದ. ಮೋಟಾರಿನಿಂದ ನೇತಾಡುತ್ತಿದ್ದ ಕೆಂಪು ಹಗ್ಗ ಎಳೆದು ಬಾಗಿಲನ್ನು ಮೋಟಾರಿನಿಂದ ಬಿಡಿಸಿ, ಕೈಯಲ್ಲೇ ಸೊಂಟದೆತ್ತರಕ್ಕೆ ಎತ್ತಿ ಕೈಬಿಟ್ಟ. ಅದು ಬೀಳಲಿಲ್ಲ, ಏರಲೂ ಇಲ್ಲ. ಸ್ಪ್ರಿಂಗು ಬಾಗಿಲಿನ ತೂಕವನ್ನು ಸರಿಯಾಗಿ ಹೊರುತ್ತಿದೆ, ತಿಂಗಳಿಗೊಮ್ಮೆ ಯಾರಾದರೂ ಹೀಗೆ ಪರೀಕ್ಷೆ ಮಾಡುತ್ತಿರಬೇಕು ಎಂದ. ಆಮೇಲೆ ಕೀಲುಗಳನ್ನು ಒಂದೊಂದಾಗಿ ಬಗ್ಗಿ ನೋಡಿ ಮಗನಿಗೆ ಹೇಳಿದ: "ಹಳಿ ಕೆಡಿಸಿದ್ದು ನಿಜ ಸಾರ್. ಆದ್ರೆ ಇಲ್ಲಿ ನೋಡಿ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಮ್ಮಿ ಇಲ್ಲ. ಇಷ್ಟು ಅಳತೆ ನನಗೇ ಬರಲ್ಲ."

ಸೊಸೆ ವ್ಯಾನು ತೆಗೆದುಕೊಂಡು ಹೋದಳು. ಮಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದ. ಡಬ್ಬಿ ಏನಾಯಿತೆಂದು ಎಣ್ಣೆಯಣ್ಣ ಕೇಳಲಿಲ್ಲ. ಮೂರು ವಾರ ಕೈಕಟ್ಟಿ ಕೂತ. ದುಃಖವಾಗಿತ್ತು, ಊಟ ಸೇರುತ್ತಿರಲಿಲ್ಲ. ಆದರೂ ಆ ಹಳೆಯ ಮುಳ್ಳು ಮೊದಲಿನಷ್ಟು ಚುಚ್ಚುತ್ತಿರಲಿಲ್ಲ.

ತಿಂಗಳ ಮೊದಲ ಭಾನುವಾರ ಮಗ ಅವನ ಭುಜ ಮುಟ್ಟಿ ಗ್ಯಾರೇಜಿಗೆ ಕರೆದ. ಸ್ಟೂಲಿನ ಮೇಲೆ ಎಣ್ಣೆ ಡಬ್ಬಿ ಇತ್ತು, ಹೊಸ ಎಣ್ಣೆ ತುಂಬಿಸಿಕೊಂಡು. ಪಕ್ಕದಲ್ಲಿ ಒಂದು ಒಣಬಟ್ಟೆ.

"ಸ್ಪ್ರಿಂಗು, ಕೀಲು ನಿಂದು," ಎಂದ ಮಗ, ತುಟಿ ಚೆನ್ನಾಗಿ ಕಾಣುವ ಹಾಗೆ. "ಹಳಿ ನಂದು."

ಎಣ್ಣೆಯಣ್ಣ ಕೆಂಪು ಹಗ್ಗ ಎಳೆದು, ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿ ಬಿಟ್ಟು, ಅಂಗೈ ಇಟ್ಟು ನೋಡಿದ. ಸರಿಯಿತ್ತು. ಕೀಲಿಗೊಂದು ತೊಟ್ಟಿನಂತೆ ಎಣ್ಣೆ ಬಿಟ್ಟ. ಮಗ ಸ್ಟೂಲು ಹತ್ತಿ ಎರಡೂ ಹಳಿಗಳನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದ. ಕೆಲಸ ಮುಗಿದ ಮೇಲೆ ಎಣ್ಣೆಯಣ್ಣ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಜಾಗದಲ್ಲಿ ತನ್ನ ಸೊನ್ನೆ ಬರೆದ. ಆಮೇಲೆ ಸೀಮೆಸುಣ್ಣವನ್ನು ಮಗನ ಕಡೆ ಚಾಚಿದ.

"ಒರೆಸಿದೋನೂ ಗುರುತು ಹಾಕಬೇಕು."

ಮಗನಿಗೆ ತನ್ನದೆಂಬ ಗುರುತು ಇರಲಿಲ್ಲ. ಅಪ್ಪನ ಸೊನ್ನೆಯ ಪಕ್ಕದಲ್ಲೇ ಇನ್ನೊಂದು ಸೊನ್ನೆ ಬರೆದು ಚುಕ್ಕೆ ಇಟ್ಟ. ಎಣ್ಣೆಯಣ್ಣ ಹತ್ತಿರ ಹೋಗಿ ನೋಡಿ, ಚುಕ್ಕೆ ನಡುವೆ ಬಂದಿಲ್ಲ ಎಂದ. ಮಗ ಅಂಗಿಯ ತೋಳಿನಿಂದ ಅದನ್ನು ಅಳಿಸಿ, ಮತ್ತೆ ಬರೆದ.