ತಂತಿ ಕಟ್ಟಿದ ಗ್ಲೌಸು

ಶನಿವಾರವೇ ಹೇಳಬಹುದಿತ್ತಲ್ಲ, ಅನ್ನುವುದೇ ಎಲಿಹಿಯೊನ ಸಿಟ್ಟು. ಮೂವತ್ತೊಂದು ವರ್ಷ ಕಳೆದರೂ ಆ ಮಾತು ಬಂದರೆ ಅವನ ಕೈಯ ದಬ್ಬಣ ಅರ್ಧಕ್ಕೇ ನಿಲ್ಲುತ್ತದೆ. ಆ ಶನಿವಾರ ಸಕ್ಕರೆ ಕಾರ್ಖಾನೆಯ ಗೇಟಿನ ಹತ್ತಿರ ಊರ ಹಿರಿಯರಾದ ಡಾನ್ ಫೆರ್ಮಿನ್ ಅವನ ಗ್ಲೌಸನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ್ದರು. ಹೆಬ್ಬೆರಳಿನ ಪಕ್ಕದ ಚರ್ಮದ ಬಲೆ ಕಿತ್ತುಹೋಗಿ, ಅಲ್ಲಿ ತಂತಿ ಸುತ್ತಿದ್ದು ಕುರುಡನಿಗೂ ಕಾಣುವಂತಿತ್ತು. ತುಟಿ ಬಿಚ್ಚದೆ ವಾಪಸು ಕೊಟ್ಟರು. ಮರುದಿನ ಬೇಸ್‌ಬಾಲ್ ಆಟ ಶುರುವಾಗಲು ಐದು ನಿಮಿಷವಿರುವಾಗ ಅದೇ ಮನುಷ್ಯ ಅಂಪೈರಾಗಿ ಬಂದು, ತಂತಿಯ ಗ್ಲೌಸು ನಿಯಮಕ್ಕೆ ಒಪ್ಪದು, ತೆಗೆ ಅಂದರು.

ತಂತಿ ಬಿಚ್ಚಿ ಹಳೆಯ ಬೂಟಿನ ಲಾಡಿ ಕಟ್ಟಿಕೊಂಡು ಎಲಿಹಿಯೊ ಬಲಗಡೆಯ ಮೂಲೆಗೆ ಹೋಗಿ ನಿಂತ. ಬೇರೆ ಗ್ಲೌಸು ತರೋಣವೆಂದರೆ ಅವನ ಹತ್ತಿರ ಇದ್ದದ್ದು ಅದೊಂದೇ.

ಲಾಡಿ ಎಂಟು ಸರದಿ ತಾಳಿತು. ಒಂಬತ್ತನೆಯದು ಕೊನೆಯದು. ಕೇರಿಯ ತಂಡ ಒಂದು ಓಟ ಮುಂದಿತ್ತು, ಎದುರಾಳಿಗಳಲ್ಲಿ ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯಿತು. ಮೊದಲನೇ ಬೇಸಿನಲ್ಲಿ ಅವರ ಓಟಗಾರನೊಬ್ಬ ನಿಂತಿದ್ದ. ಚೆಂಡು ನೆಲಕ್ಕೆ ಬಡಿದು ಎಲಿಹಿಯೊನ ಕಡೆ ಬಂತು. ಅವನು ಗ್ಲೌಸು ಒಡ್ಡಿದ. ಲಾಡಿ ಪಟ್ಟೆಂದು ಹರಿದು, ಬಲೆಯೊಳಗಿಂದ ತೂರಿದ ಚೆಂಡು ಹಿಂದಕ್ಕೆ ಉರುಳಿತು. ಕೇರಿಯ ಮಕ್ಕಳು ಗ್ಲೌಸು ಕಂಡು ಬೆಳೆದವರಲ್ಲ. ಹಾಲಿನ ಪೊಟ್ಟಣದ ರಟ್ಟು ಮಡಚಿ ಚೆಂಡು ಹಿಡಿಯುತ್ತಿದ್ದರು, ಅದೂ ಇಲ್ಲದಿದ್ದರೆ ತಲೆಯ ಟೊಪ್ಪಿಯಲ್ಲಿ. ಎಲಿಹಿಯೊ ತಿರುಗಿ ನಾಲ್ಕು ಹೆಜ್ಜೆ ಓಡಿ, ಟೊಪ್ಪಿ ಕಿತ್ತು ಚೆಂಡಿನ ಮೇಲೆ ಕವುಚಿಬಿಟ್ಟ.

ಟೊಪ್ಪಿ ತಾನಾಗಿ ಬಿದ್ದು ಚೆಂಡಿಗೆ ತಾಗಿದರೆ ತಪ್ಪಿಲ್ಲ. ಬೇಕೆಂದೇ ತೆಗೆದು ತಡೆದರೆ ಹೊಡೆದವನಿಗೆ ಮೂರು ಬೇಸು ಕೊಡಬೇಕು, ಅವನ ಮುಂದಿರುವ ಓಟಗಾರ ಕೊನೆಯ ಬೇಸಾದ ಮನೆ ಮುಟ್ಟಿ ಓಟ ಗಳಿಸಿದಂತೆಯೇ. ಡಾನ್ ಫೆರ್ಮಿನ್ ಮೈದಾನ ದಾಟಿ ನಡೆದುಬಂದರು.

"ನನಗೆ ಸರಿಯಾಗಿ ಕಾಣಲಿಲ್ಲಪ್ಪ. ಬಿತ್ತೋ, ತೆಗೆದೆಯೋ? ನೀನೇ ಹೇಳು."

ಬಿತ್ತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲಿಹಿಯೊನ ಬಾಯಲ್ಲಿ ಆ ಸುಳ್ಳು ತಿರುಗಲಿಲ್ಲ.

"ನಾನು ತೆಗೀಲಿಲ್ಲ ಯಜಮಾನ್ರೆ. ಕೈ ತೆಗೀತು."

"ಕೈ ಯಾರದು?"

ಮೂರು ಬೇಸು ಕೊಟ್ಟರು. ಓಟ ಸಮವಾಯಿತು, ಮುಂದಿನವನ ಹೊಡೆತಕ್ಕೆ ಆಟವೇ ಹೋಯಿತು. ತಂಡದ ನಾಯಕ ಅಲ್ಲೇ ಹೇಳಿದ: ನೆಟ್ಟಗಿನ ಗ್ಲೌಸು ತಂದರೆ ಬಾ, ಇಲ್ಲದಿದ್ದರೆ ಮನೆಯಲ್ಲಿರು. ಆರು ದಿನ ಕಬ್ಬು ಕಡಿಯುವ ಎಲಿಹಿಯೊನಿಗೆ ಬದುಕು ಅಂತ ಇದ್ದದ್ದು ಆ ಏಳನೆಯ ದಿನ. ಅಂಪೈರ್ ಕುರುಡ ಎಂದು ಕೇರಿಯುದ್ದಕ್ಕೂ ಕೂಗಿಕೊಂಡು ಮನೆ ಸೇರಿದ.

ಸೋಮವಾರ ಬೆಳಗ್ಗೆ, ಸಿಟ್ಟಿಗೆ ಕೆಲಸಕ್ಕೂ ಹೋಗದೆ ಕೂತಿದ್ದವನ ಬಾಗಿಲಿಗೆ ಆ ಕುರುಡನೇ ಬಂದು ನಿಂತರು. ಬಗಲಲ್ಲಿ ಚರ್ಮದ ತುಂಡು, ದಬ್ಬಣ, ಮೇಣದ ದಾರ. ವಾರದ ದಿನಗಳಲ್ಲಿ ಅವರು ಕುದುರೆಗಳ ಜೀನು ಹೊಲಿಯುವವರು. ಎಲಿಹಿಯೊ ಕೂರಿ ಅನ್ನಲಿಲ್ಲ. ಹೆಂಡತಿ ನೆರೇಯ್ಡಾ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ಕುರ್ಚಿ ಎಳೆದು ಕಾಫಿ ಕೊಟ್ಟಳು.

ಶನಿವಾರ ಯಾಕೆ ಹೇಳಲಿಲ್ಲ ಎಂದು ಎಲಿಹಿಯೊ ಹಲ್ಲು ಕಚ್ಚಿಕೊಂಡೇ ಕೇಳಿದ.

"ಶನಿವಾರ ನಾನು ಜೀನು ಹೊಲಿಯೋನು. ಭಾನುವಾರ ಅಂಪೈರು."

ಇದೂ ಒಂದು ಉತ್ತರವೇ? ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಮುದುಕ ಎಡಗೈ ಚಾಚಿದರು. ಅಂಗೈಗೆ ಅಡ್ಡವಾಗಿ ಬಿಳಿಯ ಗಾಯದ ಗೆರೆ. ಎರಡು ಬೆರಳು ಮಡಚುತ್ತಿರಲಿಲ್ಲ. ಪ್ರಾಯದಲ್ಲಿ ಅವರೂ ಗ್ಲೌಸಿಗೆ ತಂತಿ ಕಟ್ಟಿದ್ದರಂತೆ. ಚೆಂಡಿನ ಏಟಿಗೆ ಅದು ತಿರುಗಿ ನರ ಕತ್ತರಿಸಿತ್ತು. ಎಲಿಹಿಯೊ ಒಳಗೆ ಹೋಗಿ ಗ್ಲೌಸು ತಂದ.

"ನನ್ನ ಕೈಗೆ ಈಗೀಗ ದಾರ ಬಿಗಿಯಾಗಿ ಎಳೆಯೋಕೆ ಆಗಲ್ಲ. ನಾನು ತೂತು ಹಾಕ್ತೀನಿ, ನೀನು ಎಳಿ."

ಮಧ್ಯಾಹ್ನದ ಬಾಳೆಕಾಯಿ ಬೇಯುವ ಹೊತ್ತಿಗೆ ಬಲೆ ಸಿದ್ಧವಾಯಿತು. ಎಷ್ಟು ಕೊಡಲಿ ಅಂದರೆ ಮುದುಕ ತಲೆಯಾಡಿಸಿದರು. ಕೂಲಿ ಬೇಡ, ನಾನು ಅಂಪೈರಾಗಿ ನಿಂತ ಆಟದಲ್ಲಿ ಇದರೊಳಗೆ ಒಂದು ಚೆಂಡು ಹಿಡಿ, ಅಲ್ಲಿಗೆ ಚುಕ್ತಾ ಅಂದರು.

ಎಲಿಹಿಯೊ ತಂಡಕ್ಕೆ ಮರಳಿದ. ಆದರೆ ಅವರ ಎದುರು ಒಂದು ಚೆಂಡೂ ಹಿಡಿಯುವ ಮೊದಲೇ, ಅದೇ ತಿಂಗಳು ಡಾನ್ ಫೆರ್ಮಿನ್‌ರ ಕಣ್ಣಿನ ಪೊರೆ ಬಲಿತು, ಅವರು ಅಂಪೈರ್ ಕೆಲಸ ಬಿಟ್ಟರು. ಕೇರಿಯುದ್ದಕ್ಕೂ ತಾನು ಕೂಗಿದ ಮಾತು ನೆನೆದು ಎಲಿಹಿಯೊ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಪ್ರತಿ ಸಂಜೆ ಅವರ ಅಂಗಡಿಗೆ ಹೋಗಿ ಕೂತ. ಅವರಿಗೆ ಕಣ್ಣಾದ, ಅವರು ಅವನಿಗೆ ಕಸುಬಾದರು. ಇವತ್ತು ಸುತ್ತಲಿನ ಏಳು ಕೇರಿಗಳ ಗ್ಲೌಸುಗಳು ರಿಪೇರಿಗೆ ಬರುವುದು ಅವನ ಹತ್ತಿರವೇ. ಕಬ್ಬಿನ ಕತ್ತಿ ಕೆಳಗಿಟ್ಟದ್ದು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಎಲ್ಲ ಆ ದಬ್ಬಣದಿಂದ. ಅನ್ನ ಕೊಟ್ಟವರು ಅವರು ಎಂದು ಅವನು ಯಾರ ಮುಂದೆಯೂ ಹೇಳುತ್ತಾನೆ. ಹೇಳಿ, ಶನಿವಾರದ ಮಾತನ್ನೂ ಸೇರಿಸುತ್ತಾನೆ.

ಆ ಗ್ಲೌಸು ತೊಟ್ಟು ಅವನು ಇನ್ನೂ ಹನ್ನೊಂದು ವರ್ಷ ಆಡಿದ. ಡಾನ್ ಫೆರ್ಮಿನ್ ಬೇಲಿಯಾಚೆ ಹುಣಸೆಮರದ ಕೆಳಗೆ ಕೂತು ಬರೀ ಕೇಳುತ್ತಿದ್ದರು. ಚರ್ಮಕ್ಕೆ ಚೆಂಡು ಬಡಿದ ಸದ್ದಾದರೆ, ಯಾರು ಹಿಡಿದದ್ದು ಎಂದು ಪಕ್ಕದವರನ್ನು ವಿಚಾರಿಸುವರು. ಎಲಿಹಿಯೊ ಅಂದರೆ ಬೇಲಿಯಾಚೆಯಿಂದಲೇ ದನಿ ಬರುತ್ತಿತ್ತು:

"ಚೆನ್ನಾಗಿ ಹಿಡಿದೆ ಮಗನೇ. ಆದ್ರೆ ನಾನೀಗ ಅಂಪೈರಲ್ಲ. ಬಾಕಿ ಹಾಗೇ ಇದೆ."

ಅವರು ತೀರಿಹೋದ ದಿನವೂ ಅದು ಹಾಗೇ ಇತ್ತು.