ನುಣುಪಣ್ಣ ಬಿಟ್ಟ ಉಬ್ಬು ಗೆರೆ

ಅವನ ನಿಜವಾದ ಹೆಸರೇನು ಎಂದು ಕೇಳಿದರೆ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕು. ಊರಿಗೆಲ್ಲ ಅವನು ನುಣುಪಣ್ಣ, ಬಣ್ಣದ ಕೆಲಸದವನು. ಗೋಡೆ ಕಂಡರೆ ಸಾಕು, ಅಂಗೈ ತಾನೇ ಹೋಗಿ ಸವರಿಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಊಟಕ್ಕೆ ಹೋದವನು ಬಾಗಿಲಲ್ಲೇ ನಿಂತು ಗೋಡೆ ಸವರಿ ಲೊಚಗುಟ್ಟಿದ್ದನಂತೆ. "ನಮ್ಮಪ್ಪನ ಮುಖ ನೋಡೋದಕ್ಕೆ ಮುಂಚೆ ನಮ್ಮಪ್ಪನ ಗೋಡೆ ನೋಡಿದ ಮಹಾನುಭಾವ ಇವರು" ಎಂದು ಹೆಂಡತಿ ಇವತ್ತಿಗೂ ಕಾಲೆಳೆಯುತ್ತಾಳೆ.

ಬಣ್ಣ ಬಳಿಯುವುದು ಯಾರ ಕೈಯಲ್ಲಾದರೂ ಆದೀತು. ಗೋಡೆ ಹದಮಾಡುವುದಿದೆಯಲ್ಲ, ಅದು ತನ್ನ ಕೈಯಲ್ಲೇ ಆಗಬೇಕೆಂದು ಅವನ ಹಠ. ಬಿರುಕು ಮುಚ್ಚುವ ಪುಟ್ಟಿ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಗೋಡೆಯ ಪಕ್ಕದಿಂದ ಬಲ್ಬು ಹಿಡಿದು, ನೆರಳು ಬಿದ್ದ ಕಡೆಯಲ್ಲೆಲ್ಲ ಮತ್ತೆ ಉಜ್ಜುತ್ತಾನೆ. "ನನ್ನ ಗೋಡೆ ಮೇಲೆ ಇರುವೆ ಕೂಡ ಜಾರಿ ಬೀಳಬೇಕು" ಎಂಬ ಜಂಬ ಬೇರೆ!

ಆ ಮನೆಗೆ ಅವನನ್ನು ಕರೆಸಿದ್ದು ಸೊಸೆ. ಅತ್ತೆಯ ಕೋಣೆಯಿಂದ ಅಡುಗೆಮನೆಗೆ ಹೋಗುವ ಉದ್ದನೆಯ ನಡುಹಾದಿ, ಗೋಡೆಗೆ ಯಾವ ಕಾಲದಲ್ಲೋ ಅಂಟಿಸಿದ ವಾಲ್‌ಪೇಪರ್, ಅದರ ಮೇಲೆ ಉಬ್ಬಿಕೊಂಡ ಬಳ್ಳಿ. ತೇವ ಕುಡಿದು ಕಪ್ಪಿಟ್ಟಿತ್ತು.

"ಕಿತ್ತು ಬಿಸಾಕಿ ಅಣ್ಣಾ, ನೋಡಿದ್ರೇ ಮೈ ಪರಚ್ಕೊಳ್ಳೋ ಹಾಗಾಗತ್ತೆ" ಎಂದಳು.

ಬಿಸಿನೀರಿನ ಸ್ಪಂಜು ಒತ್ತಿ ಕಾಗದ ನೆನೆಸಿದ. ಅಡಿಗೆ ತಗಡಿನ ಪಟ್ಟಿ ತೂರಿಸಿದಾಗ ಕೆಲವು ಕಡೆ ಹಾಳೆ ಹಾಳೆಯಾಗಿ ಸುಲಿದು ಬಂತು. ಕೆಲವು ಕಡೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಂಟಿಸಿದ ಪುಣ್ಯಾತ್ಮನಿಗೆ ಮನಸ್ಸಿಗೆ ಬಂದಂತೆ ಬೈದುಕೊಳ್ಳುತ್ತ ಎಲ್ಲವನ್ನೂ ಕೆರೆದು, ಉಳಿದ ಅಂಟನ್ನು ತೊಳೆದು, ಬಳ್ಳಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕಸಕ್ಕೆ ಹಾಕಿದ.

ಮರುದಿನ ಬಂದಾಗ ಅತ್ತೆ ನಡುಹಾದಿಯ ಮಧ್ಯೆ ನಿಂತಿದ್ದರು. ಒಂದು ಅಂಗೈ ಬೋಳುಗೋಡೆಯ ಮೇಲೆ, ಇನ್ನೊಂದು ಗಾಳಿಯಲ್ಲಿ. ತನ್ನ ಕೆಲಸ ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು ನುಣುಪಣ್ಣ ಎದೆಯುಬ್ಬಿಸಿದ.

"ಹೇಗಿದೆ ಅಜ್ಜೀ?"

"ಯಾರಪ್ಪಾ ಅದು? ಅಡುಗೆಮನೆ ಯಾವ ಕಡೆ?"

ಅಡುಗೆಮನೆ ಅವರ ಮುಂದೆಯೇ ಇತ್ತು, ದೀಪವೂ ಉರಿಯುತ್ತಿತ್ತು. ಮುದುಕಿ ಅವನ ತೋಳು ಹಿಡಿದು ಪಿಸುಗುಟ್ಟಿದರು.

"ಕಣ್ಣು ಹೋಗಿದೆ ಕಣಪ್ಪಾ. ಇದಕ್ಕೆ ಮದ್ದಿಲ್ಲ ಅಂದ್ರು ಡಾಕ್ಟ್ರು. ಮನೇಲಿ ಮಾತ್ರ ಸ್ವಲ್ಪ ಮಂಜು ಅಂತ ಹೇಳಿ ಮುಗಿಸ್ಬಿಟ್ಟೆ. ಆ ಬಳ್ಳಿ ಸವರ್ಕೊಂಡೇ ಓಡಾಡ್ತಿದ್ದೆ. ಕಾಗದದ ಹರುಕು ಕೈಗೆ ಸಿಕ್ರೆ ಮುಂದೆ ಮೆಟ್ಟಿಲು ಅಂತ ಗೊತ್ತಾಗೋದು. ಸೊಸೆಗೆ ಹೇಳ್ಬೇಡಪ್ಪಾ. ಚಿನ್ನದಂಥ ಹುಡುಗಿ, ಗೊತ್ತಾದ್ರೆ ಕೂತಲ್ಲಿಂದ ಏಳೋಕೆ ಬಿಡಲ್ಲ. ಬೆಳಗ್ಗೆ ನಾನೇ ಎದ್ದು ಹೋಗಿ ಅವಳ ಪಕ್ಕ ಕೂತು ಬಟಾಣಿ ಬಿಡಿಸೋದು... ಅದೂ ಹೋದ್ರೆ ಇನ್ನೇನಿದೆ ನಂಗೆ?"

ನುಣುಪಣ್ಣ ಅಜ್ಜಿಯ ಕೈಹಿಡಿದು ಅಡುಗೆಮನೆ ತಲುಪಿಸಿ ಬಂದ. ಗೋಡೆ ಒಣಗುವವರೆಗೂ ಅದೇ ಯೋಚನೆ. ಪುಟ್ಟಿ ಕಲಸುವ ಹೊತ್ತಿಗೆ ಅಜ್ಜಿಯನ್ನು ಗುಟ್ಟಾಗಿ ಕರೆದು ಗೋಡೆಗೆ ಕೈಯಿಡಿಸಿದ. ಬೆರಳು ತಾಗಿದ ಎತ್ತರಕ್ಕೆ ತೆಳ್ಳನೆಯ ಹುರಿ ಅಂಟಿಸಿ, ಮೇಲೆ ಪುಟ್ಟಿ ಎಳೆದು, ನೂಲು ಹಿಡಿದಂತೆ ನೇರವಾದ ಉಬ್ಬು ಗೆರೆ ಮಾಡಿದ. ಮೆಟ್ಟಿಲಿಗೆ ಸ್ವಲ್ಪ ಮುಂಚೆ ಅಂಗಿ ಗುಂಡಿಯಷ್ಟು ಗಂಟು. ಉಪ್ಪುಕಾಗದ ಹಿಡಿದ ಕೈ ಅಭ್ಯಾಸಬಲದಿಂದ ಗೆರೆಯ ಮೇಲೇ ಹೋಗುತ್ತಿತ್ತು. "ಥೂ, ಸುಮ್ನಿರೋ!" ಎಂದು ತನ್ನ ಕೈಯನ್ನೇ ಗದರಿದ.

ಬಣ್ಣ ಒಣಗಿದ ಮೇಲೆ ನೋಡಲು ಬಂದ ಸೊಸೆಯ ಹುಬ್ಬು ಗಂಟಿಕ್ಕಿತು.

"ಇದೇನಣ್ಣಾ ಉಬ್ಬು? ನಿಮ್ಮ ಕೈಯಲ್ಲಿ ಹೀಗಾ?"

ಯಾರೂ ಅವನಿಗೆ ಇಂಥ ಮಾತು ಆಡಿದ್ದಿಲ್ಲ. ನೊಂದುಕೊಂಡ. ಆದರೂ ನುಂಗಿಕೊಂಡು ಹೇಳಿದ: "ವಯಸ್ಸಾಯ್ತಲ್ಲಮ್ಮಾ, ಕೈ ನಡುಗ್ಬಿಡ್ತು."

"ಹಾಗಾದ್ರೆ ಬೇರೆಯವರನ್ನ ಕರೆಸಿ ಉಜ್ಜಿಸ್ತೀನಿ ಬಿಡಿ."

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಇವರಿಬ್ಬರೂ ಅಲ್ಲಿರುವುದು ಗೊತ್ತಿಲ್ಲದ ಅತ್ತೆ ಬೆರಳನ್ನು ಗೆರೆಯ ಮೇಲಿಟ್ಟು, ಗುನುಗುತ್ತ ಬಂದರು. ಗಂಟು ಸಿಕ್ಕಿತು. ನಿಂತರು. ಮೆಟ್ಟಿಲಿಳಿದರು. ನೇರ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತು, "ಬಟಾಣಿ ಎಲ್ಲಿ ಕಣಮ್ಮಾ?" ಎಂದು ಗಟ್ಟಿಯಾಗಿ ಕೂಗಿದರು.

ಸೊಸೆ ಆ ಗಂಟನ್ನು ತಾನೂ ಒಮ್ಮೆ ಮುಟ್ಟಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಂದೆ ಅತ್ತೇ" ಎಂದು ಹೋಗಿ ಬಟಾಣಿ ಬುಟ್ಟಿಯನ್ನು ಅವರ ಮಡಿಲಿಗಿಟ್ಟಳು. ನುಣುಪಣ್ಣ ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಸದ್ದಿಲ್ಲದೆ ಹತ್ತಿರ ಬಂದಳು.

"ಅಣ್ಣಾ, ಚೀಲ ಕಟ್ಬೇಡಿ. ಬಚ್ಚಲುಮನೆ ಕಡೆ ಗೋಡೆ ಇನ್ನೂ ಉಳಿದಿದೆ. ಅಲ್ಲೂ ಹೀಗೇ ಒಂಚೂರು ಕೈ ನಡುಗಿಸ್ಬಿಡಿ."