ಬಾಯ್ಲರ್ ಜೆರೆಯ ಕೂಗು

ಬಾಯ್ಲರ್ ಕೋಣೆಯ ಯೋಬೆ ಜೆರೆ ದಿನಕ್ಕೆ ಆರು ಸಲ ನಮ್ಮನ್ನು ಬೈಯುತ್ತಿದ್ದ. ಮೂವತ್ತೊಂದು ವರ್ಷ ಬೈದ. ಅವನ ಬಾಯಿ ಮುಚ್ಚಿಸಿದ ಪಾಪ ನನ್ನದು.

ಗಣಿ ಊರಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನಿದ್ದೆ. ಕಸೊಂಡೆ ನನ್ನ ಮಗಳು, ಹಾಗಾಗಿ ಎಲ್ಲರಿಗೂ ನಾನು ಬಾನಾ ಕಸೊಂಡೆ. ಇಸ್ತ್ರಿ ಕೋಣೆಯಲ್ಲಿ ನಾವು ಒಂಬತ್ತು ಹೆಂಗಸರು, ಎಲ್ಲರೂ ಬೆಂಬಾ. ಗೋಡೆಯಾಚೆ ಜೆರೆ ಒಬ್ಬನೇ, ಅವನು ಅಂಗೋನಿ. ನಮ್ಮೆರಡು ಕುಲಗಳು ಹಿಂದೆ ಹೊಡೆದಾಡಿ ಸುಸ್ತಾಗಿ ಬೈದಾಡುವ ನಂಟಸ್ತಿಕೆ ಕಟ್ಟಿಕೊಂಡವು. ಎದುರು ಸಿಕ್ಕಾಗ ಬೈಯದಿದ್ದರೆ ಮುನಿಸಿದೆ ಎಂದೇ ಅರ್ಥ. ಅವರು ಇಲಿ ತಿನ್ನುವವರು, ನಾವು ಕೋತಿ ತಿನ್ನುವವರು. ನಮ್ಮಲ್ಲಿ ಸಾವಾದರೆ ಗುಂಡಿ ತೋಡುವವರೂ ಅವರೇ, ಅಳುವವರನ್ನು ನಗಿಸುವವರೂ ಅವರೇ. ಅವರಲ್ಲಾದರೆ ನಾವು.

ಇಸ್ತ್ರಿಯ ಉರುಳೆಗೆ ಆವಿ ಬರುತ್ತಿದ್ದ ಕೊಳವೆ ಹಳೆಯದು. ಆವಿ ನುಗ್ಗುವಾಗ ಕೀಲುಗಳಿಂದ ಕುದಿನೀರು ಚಿಮ್ಮುತ್ತಿತ್ತು. ಆವಿ ಬಿಡುವ ಚಕ್ರ ತಿರುಗಿಸುವ ಮೊದಲು ಜೆರೆ ಗೋಡೆಯ ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದ.

"ಕೋತಿ ತಿನ್ನೋರೇ, ಕೈ ತೆಗೀರಿ! ನಾಳೆ ಗಂಡಂಗೆ ನ್ಶಿಮಾ ಮುದ್ದೆ ತಿರುವೋಕೆ ಕೈ ಬೇಡ್ವಾ?"

"ಇಲಿ ತಿನ್ನೋನೇ, ತೆಗೆದಿದ್ದೀವಿ!" ಎಂದು ನಾವು ಅರಚಿದ ಮೇಲೆಯೇ ಚಕ್ರ ತಿರುಗುತ್ತಿತ್ತು.

ಸರ್ಕಾರ ಗಣಿಯನ್ನು ಮಾರಿದ ವರ್ಷ ಆಸ್ಪತ್ರೆಗೆ ಲೂಟ್ಸ್ ಎಂಬ ಸಾಹೇಬರು ದಕ್ಷಿಣದ ದೇಶದಿಂದ ಬಂದರು. ಕೆಟ್ಟವರಲ್ಲ. ನಮ್ಮನ್ನೆಲ್ಲ ಕೂರಿಸಿ ದೊಡ್ಡ ಹಾಳೆಯ ಮೇಲೆ ಮಂಜುಗಡ್ಡೆಯ ಚಿತ್ರ ಬರೆದರು. ಗುಮಾಸ್ತ ಕಟೊಂಗೊ ಅವರ ಮಾತನ್ನು ನಮ್ಮ ಮಾತಿಗೆ ತಂದು ಹೇಳಿದ: "ಸಂಸ್ಥೆ ಅಂದ್ರೆ ಮಂಜುಗಡ್ಡೆ. ಮೊದ್ಲು ಕರಗಿಸ್ಬೇಕು, ಆಮೇಲೆ ಬೇರೆ ಅಚ್ಚಿಗೆ ಸುರೀಬೇಕು, ಮತ್ತೆ ಗಟ್ಟಿ ಮಾಡ್ಬೇಕು."

ಜೆರೆ ಕೈ ಎತ್ತಿದ. "ಕರಗಿದ ನೀರು ಸಾಹೇಬ್ರ ಅಚ್ಚಿಗೇ ಹೋಗುತ್ತೆ ಅಂತ ಯಾರು ಹೇಳಿದ್ದು? ನನ್ನ ಬಾಯ್ಲರಲ್ಲಿ ಅದು ಸಿಕ್ಕ ಸಂದೀಲಿ ನುಗ್ಗುತ್ತೆ."

ನಾವು ನಕ್ಕೆವು. ಕಟೊಂಗೊ ಅದನ್ನು ಸಾಹೇಬರಿಗೆ ಹೇಳಲಿಲ್ಲ.

ಪ್ರತಿಯೊಬ್ಬರೂ ವಾರಕ್ಕೊಂದು ಚೀಟಿಯಲ್ಲಿ ಏನು ಬದಲಾಗಬೇಕೆಂದು ಬರೆದು ಪೆಟ್ಟಿಗೆಗೆ ಹಾಕಬೇಕೆಂದು ಆಜ್ಞೆಯಾಯಿತು. ನಾನು ಓದಿದ್ದು ಮೂರನೇ ತರಗತಿ. ನನಗೆ ಬದಲಾಗಬೇಕಾದದ್ದು ಏನೂ ತೋಚಲಿಲ್ಲ. ಅವತ್ತು ಬೆಳಿಗ್ಗೆ ಜೆರೆ ನನ್ನ ಮೂಗಿನ ಬಗ್ಗೆ ಏನೋ ಅಂದಿದ್ದ. ಅದರ ಸೇಡಿಗೆ ಬರೆದೆ: "ಬಾಯ್ಲರಿನ ಜೆರೆ ದಿನಾ ನಮ್ಮನ್ನು ಬೈಯುತ್ತಾನೆ. ಸತ್ತ ನನ್ನ ಗಂಡನ ಟೋಪಿ ಕದ್ದಿದ್ದಾನೆ. ಈ ಇಲಿ ತಿನ್ನುವವನನ್ನು ಮಾರಿಬಿಡಿ."

ಬೆಂಬಾ ಆದವರು ಯಾರು ಓದಿದರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಕಟೊಂಗೊನಿಂದ ಓದಿಸಿಕೊಂಡವರು ಲೂಟ್ಸ್.

ಮಂಗಳವಾರ ಕಟೊಂಗೊ ಬೆವರುತ್ತಾ ಬಂದ. ಗುರುವಾರ ವಿಚಾರಣೆ. ಅಲ್ಲಿಯವರೆಗೆ ಜೆರೆ ಇಸ್ತ್ರಿ ಕೋಣೆಯವರೊಡನೆ ಒಂದು ಮಾತೂ ಆಡಕೂಡದು, ನಾವೂ ಆಡಕೂಡದು. ಆವಿಯನ್ನು ಗಡಿಯಾರ ನೋಡಿ ಬಿಡಬೇಕು. ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಗಣಿಯ ಮನೆಯೂ ಹೋಗುತ್ತದೆ. ಜೆರೆಯ ನಿವೃತ್ತಿಗೆ ಎರಡೇ ತಿಂಗಳಿತ್ತು. ಅದನ್ನು ಮುಗಿಸಿದರೆ ಮನೆ ಅವನ ಹೆಸರಿಗೇ ಆಗುತ್ತಿತ್ತು. ಅವನ ಹೆಂಡತಿ ಎಲಿನಾ ಎರಡು ಕಾಲೂ ಬಿದ್ದುಹೋಗಿ ಹಾಸಿಗೆಯಲ್ಲಿದ್ದಳು.

"ಇದು ನಮ್ಮ ಪದ್ಧತಿ ಅಂತ ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ದೆ, ಬಾನಾ ಕಸೊಂಡೆ. 'ಕರಗಿಸ್ಬೇಕಾಗಿರೋದು ಅದನ್ನೇ' ಅಂದ್ರು."

ನಾನೇ ಕಚೇರಿಗೆ ಓಡಿದೆ. "ತಮಾಷೆಗೆ ಬರೆದೆ, ಸಾರ್. ಹರಿದು ಹಾಕಿ."

ಲೂಟ್ಸ್ ನನ್ನನ್ನು ಕನಿಕರದಿಂದ ನೋಡಿದರು. ಕಟೊಂಗೊ ತಲೆ ತಗ್ಗಿಸಿಕೊಂಡೇ ಅವರ ಮಾತು ಹೇಳಿದ: "ಯಾರು ಹೆದರ್ಸಿದ್ರಮ್ಮ ನಿನ್ನ? ಭಯ ಬೇಡ. ನಿನ್ನ ಕಡೆ ನಾವಿದ್ದೀವಿ."

ನಾನು ಬಾಯಿ ಬಿಟ್ಟಷ್ಟೂ ಹಗ್ಗ ಜೆರೆಯ ಕುತ್ತಿಗೆಗೇ ಬಿಗಿಯುತ್ತಿತ್ತು.

ಸಂಜೆ ಗೇಟಿನ ಹತ್ತಿರ ಅವನನ್ನು ಅಡ್ಡಗಟ್ಟಿದೆ. "ಬಾ ಜೆರೆ, ಒಂದು ಸಲ ಬೈಯಪ್ಪ. ನನ್ನ ಮೂಗನ್ನಾದ್ರೂ ಬೈ." ಅವನು ಟೋಪಿ ಸರಿಮಾಡಿಕೊಂಡು ನನ್ನನ್ನು ಸುತ್ತಿಕೊಂಡು ಹೋದ. ಅದು ನನ್ನ ಗಂಡನ ಟೋಪಿ.

ಬುಧವಾರ ಆವಿ ಸದ್ದಿಲ್ಲದೆ ಬಂತು. ನಮ್ಮ ಗೋಡೆಯ ಗಡಿಯಾರ ಹಿಂದಿತ್ತೋ ಅವನದು ಮುಂದಿತ್ತೋ, ನಮ್ಮಲ್ಲೊಬ್ಬಳಾದ ಚಿಪಾಶಾಳ ಮೊಣಕೈಗೆ ಕುದಿನೀರು ಸಿಡಿಯಿತು. ಅವಳು ತುಟಿ ಕಚ್ಚಿಕೊಂಡಳು. ಕಿರುಚಿದರೆ ಅದನ್ನೂ ಜೆರೆಯ ತಲೆಗೆ ಕಟ್ಟುತ್ತಾರೆಂದು ಅವಳ ಹೆದರಿಕೆ.

ಗುರುವಾರ ಎಲ್ಲರಿಗೂ ಪಾಠವಾಗಲೆಂದು ವಿಚಾರಣೆಯನ್ನು ಇಸ್ತ್ರಿ ಕೋಣೆಯಲ್ಲೇ ಇಟ್ಟರು. ಹತ್ತೂವರೆಯ ಆವಿ ಬಿಟ್ಟು ಜೆರೆ ಒಳಗೆ ಬರಬೇಕಿತ್ತು. ಲೂಟ್ಸ್ ಇನ್ನೊಂದು ಹಾಳೆಯನ್ನು ಕೊಳವೆಗೆ ತೂಗುಹಾಕಿದರು. ಅದರ ತುಂಬ ಚೌಕಗಳು. ಮೇಲೆ ಅವರ ಚೌಕ, ಕೆಳಗೆ ನಮ್ಮವು. ಬಾಯ್ಲರ್ ಒಂದು ಚೌಕ, ಇಸ್ತ್ರಿ ಇನ್ನೊಂದು. ಗೆರೆಗಳೆಲ್ಲ ಮೇಲಿನಿಂದ ಕೆಳಕ್ಕೆ. ಯಾರು ಯಾರಿಗೆ ಉತ್ತರ ಕೊಡಬೇಕೆಂದು ತೋರಿಸುತ್ತಾ ಅವರು ಎಡಗೈಯನ್ನು ಕೊಳವೆಯ ಕೀಲಿನ ಮೇಲೆ ಊರಿದರು.

ಗಡಿಯಾರದಲ್ಲಿ ಇನ್ನೂ ಮೂರು ನಿಮಿಷವಿತ್ತು. ಗೋಡೆಯಾಚೆ ಚಕ್ರ ಕಿರುಗುಟ್ಟಿತು.

ಯೋಚಿಸಲು ಹೊತ್ತಿರಲಿಲ್ಲ. ಮೂವತ್ತೊಂದು ವರ್ಷ ಕೇಳಿದ್ದು ನನ್ನ ಬಾಯಿಂದಲೇ ಹೊರಬಿತ್ತು.

"ಕೋತಿ ತಿನ್ನೋರೇ, ಕೈ ತೆಗೀರಿ!"

ಎಂಟು ಜೊತೆ ಕೈ ಒಟ್ಟಿಗೆ ಗಾಳಿಗೆ ಹಾರಿದವು. ಚಿಪಾಶಾ ಲೂಟ್ಸರ ಅಂಗಿ ಹಿಡಿದು ಎಳೆದಳು. ಅವರ ಕೈ ಇದ್ದ ಜಾಗದಿಂದ ನೀರು ಬುಸ್ಸೆಂದು ಚಿಮ್ಮಿ ಹಾಳೆಯ ಮೂಲೆಯನ್ನು ತೋಯಿಸಿತು. ನನ್ನ ಕೂಗು ಕೇಳಿದ ಜೆರೆ ಚಕ್ರ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಿದ್ದ.

ಸಾಹೇಬರ ಮುಖ ಬಿಳಿಚಿತ್ತು. ನಾನೇನು ಕೂಗಿದೆನೆಂದು ಕೇಳಿದರು. ಕಟೊಂಗೊ ಈ ಸಲ ಒಂದಕ್ಷರವನ್ನೂ ಬಿಡದೆ ಹೇಳಿದ.

"ಜೆರೆ ಮೇಲಿರೋ ದೂರು ಈ ಬೈಗುಳದ್ದೇನಾ?"

"ಹೌದು ಸಾರ್. ಇವರ ಎಚ್ಚರಿಕೆ ಕೂಗೂ ಅದೇ," ಎಂದ ಕಟೊಂಗೊ.

"ಹಾಗಾದ್ರೆ ಗಂಟೆ ಹಾಕಿಸ್ತೀನಿ."

"ಹಾಕ್ಸಿ ಸಾರ್," ಎಂದಳು ಚಿಪಾಶಾ, ಕಟ್ಟು ಹಾಕಿದ ಮೊಣಕೈ ಹಿಡಿದುಕೊಂಡು. "ಆದ್ರೆ ನಾವು ಕೈ ತೆಗೆದ್ವಾ ಇಲ್ವಾ ಅಂತ ಗಂಟೆಗೆ ಕೇಳ್ಸಲ್ವಲ್ಲ."

ಅಷ್ಟರಲ್ಲಿ ಜೆರೆ ಬಂದು ಬಾಗಿಲಲ್ಲಿ ನಿಂತ. ಲೂಟ್ಸ್ ಅವನ ತಲೆಯ ಕಡೆ ಬೆರಳು ತೋರಿಸಿ ನನ್ನನ್ನು ಕೇಳಿದರು. "ಇದೇನಾ ಆ ಟೋಪಿ?"

"ಇದೇ, ಸಾರ್."

"ನೀನು ಕೊಟ್ಟಿದ್ದಾ?"

"ಇಲ್ಲ. ಅವನೇ ತಗೊಂಡ."

ಅವರು ಬರೆದುಕೊಂಡರು. ಜೆರೆ ಕಣ್ಣು ಮುಚ್ಚಿಕೊಂಡ. ನಾನು ಉಳಿದದ್ದನ್ನೂ ಹೇಳಿದೆ. ನನ್ನ ಗಂಡನನ್ನು ಹೂಳುವ ದಿನ ಈ ಮನುಷ್ಯ ಗುಂಡಿಗೆ ಇಳಿದು ಅಂಗಾತ ಮಲಗಿ, "ಜಾಗ ಚೆನ್ನಾಗಿದೆ, ಈ ಬೆಂಬಾಗೆ ಕೊಡಲ್ಲ" ಎಂದು ಹಟ ಹಿಡಿದದ್ದು. ಎದ್ದು ಬರಲು ಕೂಲಿಯಾಗಿ ಟೋಪಿ ಕಿತ್ತುಕೊಂಡದ್ದು. ಮೂರು ದಿನದಿಂದ ಗಂಟಲಲ್ಲಿ ನೀರಿಳಿಯದ ನಾನು ಆಗ ನಕ್ಕು, ಆಮೇಲೆ ಊಟ ಮಾಡಿದ್ದು. ಆ ವಾರವೆಲ್ಲ ಅವನು ಬಾಯ್ಲರಿನ ಜೊತೆಗೆ ನನ್ನ ಇಸ್ತ್ರಿಯನ್ನೂ ಮಾಡಿದ್ದು.

ಕಟೊಂಗೊ ಅಷ್ಟನ್ನೂ ಸಾಹೇಬರಿಗೆ ಹೇಳಿ ಮುಗಿಸಿದ. ಲೂಟ್ಸ್ ಒದ್ದೆ ಹಾಳೆಯ ಮುಂದೆ ಹೋಗಿ ನಿಂತರು. ಆಮೇಲೆ ಪೆನ್ನು ತೆಗೆದು ಬಾಯ್ಲರಿನ ಚೌಕದಿಂದ ನಮ್ಮ ಚೌಕಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದರು. ಎರಡೂ ತುದಿಗೆ ಬಾಣದ ಗುರುತು ಹಾಕಿದರು. ನನ್ನ ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು.

"ಕೆಲಸಕ್ಕೆ ಹೋಗಿ," ಎಂದ ಕಟೊಂಗೊ. ಅದು ಅವರ ಮಾತೋ ಅವನದೇ ಮಾತೋ ತಿಳಿಯಲಿಲ್ಲ.

ಜೆರೆ ಬಾಯ್ಲರ್ ಕೋಣೆಗೆ ಮರಳಿ ಕಿಂಡಿಯಾಚೆ ಗಂಟಲು ಸರಿಮಾಡಿಕೊಂಡ.

"ಏ ಮೂಗಿನವಳೇ! ನನ್ನ ಕೂಗನ್ನೂ ಕದ್ಯಲ್ಲೇ! ಕೈ ತೆಗೀರೇ, ಕೋತಿ ತಿನ್ನೋರೇ!"

ನಾನು ಅತ್ತುಬಿಟ್ಟೆ. ಉತ್ತರವನ್ನು ಉಳಿದ ಎಂಟು ಜನ ಕೊಟ್ಟರು.

ಅವನು ಎರಡು ತಿಂಗಳು ಮುಗಿಸಿದ. ಮನೆ ಉಳಿಯಿತು. ಆರು ವರ್ಷದ ನಂತರ ಎಲಿನಾಳ ಹಾಸಿಗೆಯ ಪಕ್ಕದಲ್ಲೇ, ಅದೇ ಮನೆಯಲ್ಲಿ ತೀರಿಕೊಂಡ. ಹೂಳುವ ದಿನ ನಾನು ಎಲ್ಲರೆದುರು ಅವನ ಹೆಣದ ಪಕ್ಕದಲ್ಲಿದ್ದ ಟೋಪಿ ಎತ್ತಿ ನನ್ನ ತಲೆಗೇರಿಸಿಕೊಂಡು, "ಕಳ್ಳ ಅಂಗೋನಿ, ಈಗ ಕೂಗು ನೋಡೋಣ" ಎಂದೆ. ಎಲಿನಾ ನಕ್ಕಳು. ಆಮೇಲೆ ಒಂದು ಮುದ್ದೆ ನ್ಶಿಮಾ ತಿಂದಳು.